ಒಂದೇ ಮುದ್ದೇಬಿಹಾಳ ಪಟ್ಟಿಯಲ್ಲಿ ಎರಡಾಗುವುದು ಏಕೆ? ಜಾವಾ ಮ್ಯಾಪ್ ಎಣಿಕೆಯ ತಪ್ಪು ಹುಡುಕುವ ಬಗೆ

"ಕಂಪ್ಯೂಟರ್ ಎಣಿಸಿದೆ ಅಂದಮೇಲೆ ತಪ್ಪಿರುವುದಿಲ್ಲ ಬಿಡಿ." ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಈ ಮಾತನ್ನು ನಾವೆಲ್ಲ ಕೇಳಿರುತ್ತೇವೆ. ಇದು ಅರ್ಧ ನಿಜ. ಕೂಡುವ ಕೆಲಸದಲ್ಲಿ ಕಂಪ್ಯೂಟರ್ ತಪ್ಪುವುದು ತೀರಾ ಅಪರೂಪ. ಆದರೆ ಯಾವ ಎರಡು ಹೆಸರು ಒಂದೇ, ಯಾವುವು ಬೇರೆ ಬೇರೆ ಎಂದು ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಅದನ್ನು ನಾವೇ ಹೇಳಿಕೊಡಬೇಕು. ಹೇಳದೇ ಬಿಟ್ಟರೆ ಕೂಡಿಕೆ ಸರಿಯಾಗಿದ್ದೂ ಉತ್ತರ ತಪ್ಪಾಗುತ್ತದೆ.

ಇದು ಹೇಗೆ ಆಗುತ್ತದೆ ಎಂದು ತಿಳಿಯಲು ಜಾವಾ ಕಲಿಯುವವರು ಬೇಗನೆ ಎದುರಿಸುವ ಅಭ್ಯಾಸವೊಂದನ್ನು ಇಲ್ಲಿ ತೆಗೆದುಕೊಂಡಿದ್ದೇವೆ: ಒಂದು ಪಟ್ಟಿಯಲ್ಲಿ ಯಾವ ಹೆಸರು ಎಷ್ಟು ಸಲ ಬಂದಿದೆ ಎಂದು ಮ್ಯಾಪ್ ಬಳಸಿ ಎಣಿಸುವುದು. ಪಟ್ಟಿಗೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಹೆಸರನ್ನೇ ಆರಿಸಿದ್ದೇವೆ. ಕಾರಣವಿದೆ. ಈ 4 ಹೆಸರುಗಳಲ್ಲಿ 2 ಹೆಸರುಗಳಿಗೆ ಉಳಿದ 2ಕ್ಕೆ ಇಲ್ಲದ ಒಂದು ತೊಂದರೆ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ.

ಉದಾಹರಣೆ ಏನು?

ಬೇಸಿಗೆಯಲ್ಲಿ ಕುಡಿಯುವ ನೀರಿನ ಟ್ಯಾಂಕರ್ ಬೇಕೆಂದು 12 ಊರುಗಳಿಂದ ಕೋರಿಕೆ ಬಂದಿದೆ ಎಂದುಕೊಳ್ಳೋಣ. ಇದು ವಿವರಣೆಗಾಗಿ ನಾವೇ ಕಟ್ಟಿದ ಪಟ್ಟಿ. ಪ್ರತಿ ಸಾಲಿನಲ್ಲಿ ಊರು ಯಾವ ತಾಲ್ಲೂಕಿನದು ಎಂದು ಬರೆದಿದೆ. ಕೈಯಲ್ಲಿ ಎಣಿಸಿದರೆ ಲೆಕ್ಕ ಹೀಗಿದೆ:

ಮುದ್ದೇಬಿಹಾಳ – 4
ಇಂಡಿ – 3
ಸಿಂದಗಿ – 3
ಬಸವನ ಬಾಗೇವಾಡಿ – 2

ಒಟ್ಟು 12. ಇರುವ ಟ್ಯಾಂಕರ್‌ಗಳನ್ನು ಹೆಚ್ಚು ಕೋರಿಕೆ ಬಂದ ತಾಲ್ಲೂಕಿಗೆ ಮೊದಲು ಕಳಿಸಬೇಕು ಎಂದಾದರೆ ಮುದ್ದೇಬಿಹಾಳಕ್ಕೆ ಕಳಿಸಬೇಕು. 12 ಸಾಲಿಗೆ ಕಂಪ್ಯೂಟರ್ ಬೇಕಿಲ್ಲ. ಆದರೆ 12 ಸಾವಿರ ಸಾಲು ಬಂದರೆ ಬೆರಳು ಮಡಚಿ ಎಣಿಸಲಾಗದು. ಆಗ ನಾವು ನಂಬುವುದು ಪ್ರೋಗ್ರಾಮನ್ನೇ. ಆದ್ದರಿಂದ ಉತ್ತರ ಮೊದಲೇ ಗೊತ್ತಿರುವ ಚಿಕ್ಕ ಪಟ್ಟಿಯ ಮೇಲೆ ಅದನ್ನು ಓಡಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಮ್ಯಾಪ್ ಎಂದರೆ ಏನು?

ಹಳೆಯ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಗೂಡುಗಳನ್ನು ನೆನಪಿಸಿಕೊಳ್ಳಿ. ಪ್ರತಿ ಗೂಡಿನ ಮೇಲೆ ಒಂದು ಊರಿನ ಹೆಸರು, ಒಳಗೆ ಆ ಊರಿನ ಪತ್ರಗಳು. ಮ್ಯಾಪ್ ಕೂಡ ಹಾಗೆಯೇ. ಮೇಲಿನ ಹೆಸರಿಗೆ 'ಕೀ' ಎನ್ನುತ್ತಾರೆ, ಒಳಗಿರುವುದಕ್ಕೆ 'ವ್ಯಾಲ್ಯೂ'. ನಮ್ಮ ಉದಾಹರಣೆಯಲ್ಲಿ ಕೀ ಎಂದರೆ ತಾಲ್ಲೂಕಿನ ಹೆಸರು, ವ್ಯಾಲ್ಯೂ ಎಂದರೆ ಈವರೆಗಿನ ಎಣಿಕೆ. 'ಗೆಟ್' ಎಂದರೆ ಗೂಡಿನಲ್ಲಿರುವುದನ್ನು ತೆಗೆದುಕೊಡು, 'ಪುಟ್' ಎಂದರೆ ಗೂಡಿಗೆ ಹಾಕು. ಇದ್ದದ್ದರ ಮೇಲೆ ಪುಟ್ ಮಾಡಿದರೆ ಹಳೆಯದು ಹೋಗಿ ಹೊಸದು ಕೂರುತ್ತದೆ.

ಜಾವಾದಲ್ಲಿ ಹೆಚ್ಚು ಬಳಕೆಯಲ್ಲಿರುವುದು 'ಹ್ಯಾಶ್‌ಮ್ಯಾಪ್'. ಅದು ಹೆಸರಿನ ಪ್ರತಿ ಸಂಕೇತವನ್ನೂ ಒಂದು ಸಂಖ್ಯೆಯಾಗಿ ನೋಡುತ್ತದೆ. ಈವರೆಗೆ ಬಂದ ಮೊತ್ತವನ್ನು 31ರಿಂದ ಗುಣಿಸಿ ಮುಂದಿನ ಸಂಕೇತವನ್ನು ಕೂಡಿಸುತ್ತಾ ಹೋಗಿ ಕೊನೆಗೆ ಒಂದು ಸಂಖ್ಯೆಯನ್ನು ಪಡೆಯುತ್ತದೆ. ಆ ಸಂಖ್ಯೆ ನೋಡಿ ಯಾವ ಗೂಡು ಎಂದು ಗೊತ್ತುಮಾಡಿಕೊಳ್ಳುತ್ತದೆ. ಮೊದಲಿಗೆ ಗೂಡುಗಳು 16. ಮುಕ್ಕಾಲು ಭಾಗಕ್ಕಿಂತ ಹೆಚ್ಚು, ಅಂದರೆ 12ಕ್ಕಿಂತ ಹೆಚ್ಚು ಕೀಗಳು ಸೇರಿದಾಗ ಗೂಡುಗಳನ್ನು ದುಪ್ಪಟ್ಟು ಮಾಡಿಕೊಳ್ಳುತ್ತದೆ. ಒಂದೇ ಗೂಡಿಗೆ ಎರಡು ಹೆಸರು ಬಂದರೆ ಅವನ್ನು ಸಂಕೇತ ಸಂಕೇತವಾಗಿ ಹೋಲಿಸಿ ನೋಡುತ್ತದೆ. ಎಲ್ಲವೂ ಹೊಂದಿದರೆ ಮಾತ್ರ ಅದರ ಲೆಕ್ಕದಲ್ಲಿ ಹೆಸರು ಒಂದೇ. ಪರದೆಯ ಮೇಲೆ ಹೆಸರು ಹೇಗೆ ಕಾಣುತ್ತದೆ ಎಂಬುದಕ್ಕೆ ಈ ಕೆಲಸದಲ್ಲಿ ಜಾಗವೇ ಇಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಮೊದಲ ತಪ್ಪು: ಖಾಲಿ ಗೂಡಿಗೆ 1 ಕೂಡಿಸುವುದು

ಹೊಸದಾಗಿ ಕಲಿಯುವವರು ಸಾಮಾನ್ಯವಾಗಿ ಬರೆಯುವ ಸಾಲು ಇದು. ಜಾವಾದ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಓದಲು ಸುಲಭವಾಗಲಿ ಎಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ.

ಎಣಿಕೆ.ಪುಟ್(ಹೆಸರು, ಎಣಿಕೆ.ಗೆಟ್(ಹೆಸರು) + 1)

'ಈಗ ಎಷ್ಟಿದೆಯೋ ಅದಕ್ಕೆ 1 ಕೂಡಿಸಿ ವಾಪಸ್ ಇಡು' ಎಂದು ಇದರ ಅರ್ಥ. ಯೋಚನೆ ಸರಿಯಾಗಿಯೇ ಇದೆ. ಆದರೆ ಪಟ್ಟಿಯ ಮೊದಲ ಸಾಲಿನಲ್ಲೇ ಪ್ರೋಗ್ರಾಂ ನಿಂತುಹೋಗುತ್ತದೆ, ತೆರೆಯ ಮೇಲೆ 'ನಲ್ ಪಾಯಿಂಟರ್ ಎಕ್ಸೆಪ್ಶನ್' ಎಂದು ಬರುತ್ತದೆ. ಇಂಡಿ ಎಂಬ ಗೂಡು ಇನ್ನೂ ಇಲ್ಲ. ಇಲ್ಲದ ಗೂಡನ್ನು ಕೇಳಿದರೆ ಮ್ಯಾಪ್ ಸೊನ್ನೆಯನ್ನು ಕೊಡುವುದಿಲ್ಲ, 'ನಲ್' ಕೊಡುತ್ತದೆ. ಸೊನ್ನೆ ಎಂದರೆ 'ಎಣಿಸಿ ನೋಡಿದೆ, ಏನೂ ಇಲ್ಲ' ಎಂದರ್ಥ. ನಲ್ ಎಂದರೆ 'ಅಂಥದ್ದೊಂದು ನನ್ನ ಬಳಿ ಇಲ್ಲ' ಎಂದರ್ಥ. ಸೊನ್ನೆಗೆ 1 ಕೂಡಿಸಬಹುದು, ಇಲ್ಲದ್ದಕ್ಕೆ ಕೂಡಿಸಲು ಬರುವುದಿಲ್ಲ.

ಇದು ಒಳ್ಳೆಯ ಜಾತಿಯ ತಪ್ಪು ಎನ್ನಬಹುದು. ಪ್ರೋಗ್ರಾಂ ನಿಂತು, ಎಷ್ಟನೇ ಸಾಲಿನಲ್ಲಿ ನಿಂತೆ ಎಂದೂ ಹೇಳುತ್ತದೆ. ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ತಪ್ಪುಗಳೇ ಹೆಚ್ಚು ಅಪಾಯ.

ಎರಡನೇ ತಪ್ಪು: ಪ್ರತಿ ಹೆಸರಿಗೂ ಒಂದೊಂದು ಕಡಿಮೆ

ನಲ್ ತಪ್ಪಿಸಲು ಕಲಿಯುವವರು ಒಂದು ಷರತ್ತು ಸೇರಿಸುತ್ತಾರೆ: ಹೆಸರು ಮ್ಯಾಪಿನಲ್ಲಿ ಇಲ್ಲದಿದ್ದರೆ 0 ಇಡು, ಇದ್ದರೆ 1 ಕೂಡಿಸು. ಈಗ ಪ್ರೋಗ್ರಾಂ ನಿಲ್ಲದೆ ಓಡುತ್ತದೆ. ಆದರೆ ಪ್ರತಿ ಹೆಸರು ಮೊದಲ ಸಲ ಬಂದಾಗ ಎಣಿಕೆಗೆ ಸೇರುವುದೇ ಇಲ್ಲ. 0 ಇಟ್ಟ ಮೇಲೆ ಆ ಸಾಲಿನ 1ನ್ನು ಕೂಡಿಸುವುದನ್ನು ಷರತ್ತು ಬಿಟ್ಟುಬಿಟ್ಟಿದೆ.

ಇದನ್ನು ಹಿಡಿಯುವುದು ಸುಲಭ. ಎಲ್ಲ ಎಣಿಕೆಗಳನ್ನು ಕೂಡಿದರೆ ಪಟ್ಟಿಯ ಸಾಲುಗಳಷ್ಟೇ ಬರಬೇಕು. ನಮ್ಮ ಪಟ್ಟಿಯಲ್ಲಿ 12 ಬರಬೇಕಿತ್ತು. ಬಂದದ್ದು 4.

ಇಲ್ಲಿ ಸ್ವಲ್ಪ ನಿಲ್ಲೋಣ. ಪ್ರತಿ ಹೆಸರಿಗೆ ಒಂದೊಂದು ಕಡಿಮೆಯಾಗಿದ್ದರೆ, 4 ತಾಲ್ಲೂಕಿಗೆ 4 ಕಡಿಮೆಯಾಗಿ 8 ಬರಬೇಕಿತ್ತಲ್ಲವೇ? ಕಡಿಮೆಯಾಗಿರುವುದು 8. ಅಂದರೆ ಮ್ಯಾಪ್ ತನ್ನೊಳಗೆ 8 ಬೇರೆ ಬೇರೆ ಹೆಸರುಗಳನ್ನು ಇಟ್ಟುಕೊಂಡಿದೆ. ಮೊದಲ ಎರಡು ತಪ್ಪುಗಳ ಹಿಂದೆ ಮೂರನೆಯದೊಂದು ಅಡಗಿದೆ ಎಂಬ ಸುಳಿವು ಇದು.

ಮೊದಲು ಎರಡನೇ ತಪ್ಪನ್ನು ಸರಿಪಡಿಸೋಣ. 2014ರಲ್ಲಿ ಬಂದ ಜಾವಾ 8 ಇದಕ್ಕೆ ಎರಡು ಸುಲಭ ದಾರಿಗಳನ್ನು ಕೊಟ್ಟಿದೆ. 'ಗೆಟ್ ಆರ್ ಡಿಫಾಲ್ಟ್' ಬಳಸಿದರೆ ಹೆಸರು ಇಲ್ಲದಾಗ ನಲ್ ಬದಲು ನಾವು ಹೇಳಿದ 0 ಸಿಗುತ್ತದೆ, ಅದಕ್ಕೆ 1 ಕೂಡಿಸಿ ಪುಟ್ ಮಾಡಬಹುದು. 'ಮರ್ಜ್' ಬಳಸಿದರೆ ಇಷ್ಟೂ ಒಂದೇ ಆಜ್ಞೆಯಲ್ಲಿ ಮುಗಿಯುತ್ತದೆ: ಹೆಸರು ಇಲ್ಲದಿದ್ದರೆ 1 ಇಡು, ಇದ್ದರೆ ಹಳೆಯದಕ್ಕೆ 1 ಕೂಡಿಸು.

ಇದರ ಜೊತೆ ಇನ್ನೊಂದನ್ನು ನೋಡಿಕೊಳ್ಳಿ. ಹೊಸ ಮ್ಯಾಪ್ ಮಾಡುವ ಸಾಲು ಲೂಪಿನ ಹೊರಗೇ ಇರಬೇಕು. ಒಳಗಿದ್ದರೆ ಪ್ರತಿ ಸಾಲಿಗೂ ಹೊಸ ಖಾಲಿ ಮ್ಯಾಪ್ ಹುಟ್ಟಿ, ಯಾವ ಎಣಿಕೆಯೂ 1 ದಾಟುವುದಿಲ್ಲ.

ಮೂರನೇ ತಪ್ಪು: ಒಂದೇ ಹೆಸರು ಎರಡೆರಡು ಸಲ

ಈಗ ಪ್ರೋಗ್ರಾಂ ಕೊಡುವ ಉತ್ತರ ಹೀಗಿದೆ. ಹ್ಯಾಶ್‌ಮ್ಯಾಪ್ ಯಾವುದೇ ಕ್ರಮವನ್ನು ಕಾಪಾಡುವುದಿಲ್ಲ. ಓದಲು ಅನುಕೂಲವಾಗಲಿ ಎಂದು ನಾವು ಜೋಡಿಸಿದ್ದೇವೆ.

ಇಂಡಿ – 1
ಇಂಡಿ – 2
ಸಿಂದಗಿ – 2
ಸಿಂದಗಿ – 1
ಮುದ್ದೇಬಿಹಾಳ – 2
ಮುದ್ದೇಬಿಹಾಳ – 2
ಬಸವನ ಬಾಗೇವಾಡಿ – 1
ಬಸವನಬಾಗೇವಾಡಿ – 1

ಕೂಡಿದರೆ 12 ಬರುತ್ತದೆ. ಒಟ್ಟು ಮೊತ್ತದ ಪರೀಕ್ಷೆಯಲ್ಲಿ ಪ್ರೋಗ್ರಾಂ ಪಾಸಾಯಿತು. ಆದರೆ 'ಅತಿ ಹೆಚ್ಚು ಕೋರಿಕೆ ಎಲ್ಲಿಂದ?' ಎಂದು ಕೇಳಿದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮೂರಕ್ಕೂ 2 ಎನ್ನುತ್ತದೆ. ನಿಜಕ್ಕೂ 4 ಕೋರಿಕೆ ಬಂದ ಮುದ್ದೇಬಿಹಾಳ ಮುಂದೆ ಬರುವುದೇ ಇಲ್ಲ. ಟ್ಯಾಂಕರ್ ಎಲ್ಲಿಗೆ ಹೋಗಬೇಕು ಎಂಬುದು ಇಂಥ ಒಂದು ಸಾಲಿನ ಮೇಲೆ ನಿಂತಿದ್ದರೆ, ತಪ್ಪಿನ ಬಿಸಿ ತಟ್ಟುವುದು ಕೊಡ ಹಿಡಿದು ಕಾಯುವವರಿಗೆ.

ಇಲ್ಲಿ ಕೋಡನ್ನು ಎಷ್ಟು ಸಲ ಓದಿದರೂ ತಪ್ಪು ಸಿಗದು, ಏಕೆಂದರೆ ಕೋಡ್ ಸರಿಯಾಗಿದೆ. ನೋಡಬೇಕಾದದ್ದು ಕೀಗಳನ್ನು. ಪ್ರತಿ ಕೀಯನ್ನು ಚೌಕ ಕಂಸದೊಳಗಿಟ್ಟು, ಪಕ್ಕದಲ್ಲಿ ಅದರ ಉದ್ದವನ್ನೂ ಮುದ್ರಿಸಿ ನೋಡಬೇಕು. ಆಗ ಕಾಣುವುದು:

ಇಂಡಿ – ಉದ್ದ 5 ಮತ್ತು 4
ಸಿಂದಗಿ – ಉದ್ದ 6 ಮತ್ತು 7
ಮುದ್ದೇಬಿಹಾಳ – ಉದ್ದ 11 ಮತ್ತು 12
ಬಸವನ ಬಾಗೇವಾಡಿ – ಉದ್ದ 13 ಮತ್ತು 12

ಇಂಡಿ ನಮಗೆ ಎರಡು ಅಕ್ಷರ. ಜಾವಾ ಮಾತ್ರ ಇ, ಸೊನ್ನೆ, ಡ, ಗುಡಿಸು ಎಂದು ನಾಲ್ಕು ಸಂಕೇತಗಳಾಗಿ ಎಣಿಸುತ್ತದೆ. ಹಾಗಿದ್ದರೆ 5 ಎಲ್ಲಿಂದ ಬಂತು? ಒಂದೊಂದನ್ನೇ ನೋಡೋಣ.

ಇಂಡಿ: ಕಡತದ ತಲೆಯಲ್ಲಿರುವ ಗುರುತು

ಎಕ್ಸೆಲ್‌ನಂಥ ತಂತ್ರಾಂಶಗಳು ಪಟ್ಟಿಯನ್ನು ಯೂನಿಕೋಡ್ ಸಿಎಸ್‌ವಿ ಕಡತವಾಗಿ ಉಳಿಸುವಾಗ ಆರಂಭದಲ್ಲಿ ಒಂದು ಗುರುತನ್ನು ಇಡುತ್ತವೆ. ಇದನ್ನು ಬೈಟ್ ಆರ್ಡರ್ ಮಾರ್ಕ್ ಎನ್ನುತ್ತಾರೆ, ಅದರ ಸಂಖ್ಯೆ 65279. ಹೆಚ್ಚಿನ ಪರದೆಗಳಲ್ಲಿ ಅದು ಕಾಣುವುದಿಲ್ಲ. ಜಾವಾ ಅದನ್ನು ತಾನಾಗಿ ತೆಗೆಯುವುದೂ ಇಲ್ಲ. ಹೀಗಾಗಿ ಕಡತದ ಮೊದಲ ಹೆಸರಿಗೆ ಮಾತ್ರ ಈ ಗುರುತು ಅಂಟಿಕೊಂಡು, ಎಣಿಕೆ 1 ಇರುವ ಒಂಟಿ ಇಂಡಿ ಹುಟ್ಟಿಕೊಂಡಿತು. ಯಾವಾಗಲೂ ಮೊದಲ ಸಾಲಿನ ಹೆಸರೇ ಒಂಟಿಯಾಗಿ ಉಳಿಯುತ್ತಿದ್ದರೆ ಈ ಗುರುತಿನ ಮೇಲೆ ಅನುಮಾನ ಪಡಬೇಕು.

ಸಿಂದಗಿ: ಕೊನೆಯ ಖಾಲಿ ಜಾಗ

ಟೈಪ್ ಮಾಡಿದವರ ಹೆಬ್ಬೆರಳು ಸ್ಪೇಸ್ ಬಾರಿಗೆ ತಾಗಿದೆ. 'ಟ್ರಿಮ್' ಅಥವಾ ಜಾವಾ 11ರಲ್ಲಿ ಬಂದ 'ಸ್ಟ್ರಿಪ್' ಬಳಸಿದರೆ ಹಿಂದು ಮುಂದಿನ ಖಾಲಿ ಜಾಗ ಹೋಗುತ್ತದೆ. ಆದರೆ ವೆಬ್ ಪುಟಗಳಿಂದ ನಕಲು ಮಾಡಿದಾಗ ಬರುವ, 160 ಸಂಖ್ಯೆಯ 'ಮುರಿಯದ ಖಾಲಿ ಜಾಗ'ವನ್ನು ಇವೆರಡೂ ಮುಟ್ಟುವುದಿಲ್ಲ. ಮೇಲೆ ಹೇಳಿದ 65279ನ್ನೂ ಮುಟ್ಟುವುದಿಲ್ಲ. ಅವನ್ನು ಹೆಸರಿಸಿಯೇ ತೆಗೆಯಬೇಕು.

ಮುದ್ದೇಬಿಹಾಳ: ಒಂದೇ ಅಕ್ಷರಕ್ಕೆ ಎರಡು ಬರವಣಿಗೆ

ಕುತೂಹಲದ ಭಾಗ ಇದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಜಾಗಗಳಿವೆ. 'ದೇ' ಎಂಬಲ್ಲಿರುವ ಏಕಾರದ ಚಿಹ್ನೆಗೆ 3271 ಎಂಬ ಒಂದೇ ಸಂಖ್ಯೆ ಇದೆ. ಆದರೆ ಅದೇ ರೂಪವನ್ನು ಎಕಾರದ ಚಿಹ್ನೆ 3270, ಅದರ ಮುಂದೆ ದೀರ್ಘದ ಚಿಹ್ನೆ 3285 ಎಂದು ಎರಡು ಸಂಖ್ಯೆಗಳಲ್ಲೂ ಬರೆಯಬಹುದು. ಎರಡೂ ಸಮಾನ ಎಂದು ಯೂನಿಕೋಡ್ ನಿಯಮವೇ ಹೇಳುತ್ತದೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣಬೇಕು. ಜಾವಾದ ಹೋಲಿಕೆ ಮಾತ್ರ ಸಂಖ್ಯೆಗಳನ್ನಷ್ಟೇ ನೋಡುವುದರಿಂದ 11 ಸಂಕೇತಗಳ ಮುದ್ದೇಬಿಹಾಳ ಒಂದು ತಾಲ್ಲೂಕು, 12 ಸಂಕೇತಗಳದು ಇನ್ನೊಂದು ತಾಲ್ಲೂಕು ಆಗಿಬಿಡುತ್ತದೆ.

ಹೀಗೆ ಬಿಡಿಸಿ ಬರೆಯಬಹುದಾದ ಸ್ವರಚಿಹ್ನೆಗಳು ಕನ್ನಡದಲ್ಲಿ ಐದು: ಈ, ಏ, ಐ, ಒ, ಓ ಕಾರಗಳವು. ಇಂಡಿ, ಸಿಂದಗಿ ಹೆಸರುಗಳಲ್ಲಿ ಇವು ಯಾವುವೂ ಇಲ್ಲ, ಆದ್ದರಿಂದ ಆ ಹೆಸರುಗಳಿಗೆ ಈ ತೊಂದರೆಯೇ ಇಲ್ಲ. ಮುದ್ದೇಬಿಹಾಳದಲ್ಲಿ 'ದ್ದೇ' ಇದೆ, ಬಾಗೇವಾಡಿಯಲ್ಲಿ 'ಗೇ' ಇದೆ. ಬೆಳೆಗಳ ಪಟ್ಟಿ ಮಾಡಿದರೂ ಇದೇ ಕಥೆ. ನಿಂಬೆ, ದ್ರಾಕ್ಷಿ ಸಲೀಸಾಗಿ ಎಣಿಕೆಯಾಗುತ್ತವೆ. ತೊಗರಿ ಎರಡಾಗಬಹುದು. ಓಕಾರವನ್ನು ಎರಡಾಗಿಯೂ ಮೂರಾಗಿಯೂ ಬಿಡಿಸಬಹುದಾದ್ದರಿಂದ ಜೋಳ ಎರಡಕ್ಕಿಂತಲೂ ಹೆಚ್ಚು ಗೂಡುಗಳಲ್ಲಿ ಹಂಚಿಹೋಗಬಹುದು.

ಎರಡು ಬಗೆಯ ಬರವಣಿಗೆ ಒಂದೇ ಪಟ್ಟಿಗೆ ಬರುವುದು ಹೇಗೆ? ಸಾಮಾನ್ಯವಾಗಿ ಬೇರೆ ಬೇರೆ ಮೂಲಗಳ ಕಡತ ಕೂಡಿಸಿದಾಗ. ಯೂನಿಕೋಡ್ ಬಳಕೆ ಹರಡುವ ಮೊದಲು ಕಚೇರಿಗಳ ಬಹುಪಾಲು ಕನ್ನಡ ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿತ್ತು. ಅವುಗಳಲ್ಲಿ ಅಕ್ಷರದ ಬದಲು ಅಕ್ಷರದ ತುಂಡುಗಳಿಗೆ ಸಂಖ್ಯೆ ಇತ್ತು, ದೀರ್ಘದ ಗುರುತು ಪ್ರತ್ಯೇಕ ತುಂಡಾಗಿತ್ತು. ಯೂನಿಕೋಡ್‌ಗೆ ಪರಿವರ್ತಿಸುವಾಗ ತುಂಡುಗಳನ್ನು ಜೋಡಿಸದೆ ಬಿಟ್ಟರೆ 3270, 3285 ಎಂಬ ಜೋಡಿ ಹಾಗೆಯೇ ಉಳಿಯುತ್ತದೆ. ಇಂದಿನ ಫೋನಿನ ಕೀಲಿಮಣೆಯಲ್ಲಿ ಟೈಪ್ ಮಾಡಿದರೆ ಸಾಮಾನ್ಯವಾಗಿ 3271 ಬರುತ್ತದೆ.

ಪರಿಹಾರ ಜಾವಾದಲ್ಲೇ ಇದೆ. 'ನಾರ್ಮಲೈಜರ್' ಎಂಬ ಸಲಕರಣೆಗೆ ಹೆಸರನ್ನು ಕೊಟ್ಟು 'ಎನ್‌ಎಫ್‌ಸಿ' ರೂಪ ಬೇಕೆಂದರೆ, ಬಿಡಿಸಿದ ಚಿಹ್ನೆಗಳನ್ನು ಜೋಡಿಸಿ ಒಂದೇ ರೂಪಕ್ಕೆ ತರುತ್ತದೆ. ಮ್ಯಾಪಿಗೆ ಹಾಕುವ ಮೊದಲು ಪ್ರತಿ ಹೆಸರನ್ನೂ ಇದರ ಮೂಲಕ ದಾಟಿಸಬೇಕು.

ಬಸವನ ಬಾಗೇವಾಡಿ: ನಡುವಿನ ಜಾಗ

ಇಲ್ಲಿ ತೊಂದರೆ ಕಂಪ್ಯೂಟರಿನದಲ್ಲ, ನಮ್ಮ ರೂಢಿಯದು. ಕೆಲವರು ಬಿಡಿಸಿ ಬರೆಯುತ್ತಾರೆ, ಕೆಲವರು ಕೂಡಿಸಿ. ಹಾಗೆಯೇ ಸಿಂದಗಿಯನ್ನು ಸಿಂಧಗಿ ಎಂದು, ಮುದ್ದೇಬಿಹಾಳವನ್ನು ಮುದ್ದೆಬಿಹಾಳ ಎಂದು ಬರೆಯುವವರಿದ್ದಾರೆ. ಮುದ್ದೆಬಿಹಾಳದ ಉದ್ದವೂ 11. ಆದ್ದರಿಂದ ಉದ್ದ ನೋಡಿದರಷ್ಟೇ ಸಾಲದು, ಅನುಮಾನ ಬಂದರೆ ಸಂಕೇತಗಳ ಸಂಖ್ಯೆಗಳನ್ನೂ ಮುದ್ರಿಸಿ ನೋಡಬೇಕು.

ಇವು ಒಂದೇ ಊರು ಎಂದು ಯಾವ ನಾರ್ಮಲೈಜರ್‌ಗೂ ಗೊತ್ತಾಗದು. ಎಲ್ಲ ಖಾಲಿ ಜಾಗವನ್ನೂ ಅಳಿಸಿಬಿಟ್ಟರೆ ಈ ಪಟ್ಟಿಗೆ ಸಾಕಾಗಬಹುದು, ಕಾಗುಣಿತದ ವ್ಯತ್ಯಾಸ ಹಾಗೇ ಉಳಿಯುತ್ತದೆ. ಅದಕ್ಕಾಗಿ ಇನ್ನೊಂದು ಮ್ಯಾಪ್ ಮಾಡಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಕೀ ಎಂದರೆ ಜನ ಬರೆಯುವ ರೂಪ, ವ್ಯಾಲ್ಯೂ ಎಂದರೆ ನಾವು ಒಪ್ಪಿಕೊಂಡ ರೂಪ. ಈ ಪಟ್ಟಿಯಲ್ಲಿ ಸಿಗದ ಹೆಸರು ಬಂದರೆ ಎಣಿಕೆಗೆ ಸೇರಿಸದೆ 'ಗುರುತು ಸಿಗದವು' ಎಂದು ಬೇರೆ ಇಟ್ಟು ಮನುಷ್ಯರು ನೋಡಲಿ.

ಚಿಕ್ಕ ಪಟ್ಟಿಯಲ್ಲಿ ಕಾಣದ ಇನ್ನೊಂದು ತಪ್ಪು

ಎರಡು ತಾಲ್ಲೂಕುಗಳ ಎಣಿಕೆ ಸಮವೇ ಎಂದು ನೋಡಲು ಹಲವರು ಎರಡು ಸಮಚಿಹ್ನೆ (==) ಬಳಸುತ್ತಾರೆ. ಮ್ಯಾಪಿನಲ್ಲಿ ಎಣಿಕೆಗಳು 'ಇಂಟಿಜರ್' ಎಂಬ ಪೆಟ್ಟಿಗೆಗಳಲ್ಲಿ ಕೂತಿರುತ್ತವೆ. ಸಮಚಿಹ್ನೆ ಪೆಟ್ಟಿಗೆಯೊಳಗಿನ ಸಂಖ್ಯೆಯನ್ನು ಹೋಲಿಸದೆ 'ಇವೆರಡೂ ಒಂದೇ ಪೆಟ್ಟಿಗೆಯೇ?' ಎಂದು ಕೇಳುತ್ತದೆ. ಜಾವಾ −128ರಿಂದ 127ರವರೆಗಿನ ಸಂಖ್ಯೆಗಳಿಗೆ ಸಿದ್ಧ ಪೆಟ್ಟಿಗೆಗಳನ್ನು ಇಟ್ಟುಕೊಂಡು ಎಲ್ಲರಿಗೂ ಅವನ್ನೇ ಕೊಡುತ್ತದೆ. ಹೀಗಾಗಿ 100 ಮತ್ತು 100 ಸಮ ಎನ್ನುವ ಪ್ರೋಗ್ರಾಂ, 128 ಮತ್ತು 128 ಸಮವಲ್ಲ ಎನ್ನಬಹುದು. ಪರೀಕ್ಷೆಯ ಪಟ್ಟಿಯಲ್ಲಿ ಪಾಸಾಗಿ ನಿಜವಾದ ಪಟ್ಟಿಯಲ್ಲಿ ಕೈಕೊಡುವ ತಪ್ಪು ಇದು. ಎಣಿಕೆಗಳನ್ನೂ ಹೆಸರುಗಳನ್ನೂ 'ಈಕ್ವಲ್ಸ್' ಬಳಸಿಯೇ ಹೋಲಿಸಬೇಕು.

ಎಣಿಸುವುದು ಏನನ್ನು?

ಕೋಡೂ ಸರಿ, ಹೆಸರೂ ಸರಿ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. 2011ರ ಜನಗಣತಿಯ ಹೊತ್ತಿಗೆ ಜಿಲ್ಲೆಯಲ್ಲಿ 5 ತಾಲ್ಲೂಕುಗಳಿದ್ದವು: ಈ ನಾಲ್ಕು ಮತ್ತು ಆಗ ಬಿಜಾಪುರ ಎನಿಸಿಕೊಂಡಿದ್ದ ವಿಜಯಪುರ. 2014ರ ನವೆಂಬರ್ 1ರಂದು ಬಿಜಾಪುರದ ಹೆಸರು ಅಧಿಕೃತವಾಗಿ ವಿಜಯಪುರವಾಯಿತು. ಆಮೇಲೆ ಹೊಸ ತಾಲ್ಲೂಕುಗಳು ಬಂದವು. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದವು.

ಹಳೆಯ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಕೂಡಿಸಿದರೆ ಒಂದೇ ಊರು ಒಂದು ಕಡೆ ಮುದ್ದೇಬಿಹಾಳದ ಲೆಕ್ಕಕ್ಕೂ ಇನ್ನೊಂದು ಕಡೆ ತಾಳಿಕೋಟೆಯ ಲೆಕ್ಕಕ್ಕೂ ಸೇರುತ್ತದೆ. 'ಮುದ್ದೇಬಿಹಾಳದಲ್ಲಿ ಕೋರಿಕೆ ಕಡಿಮೆಯಾಗಿದೆ' ಎಂದು ವರದಿ ಬಂದರೆ, ನೀರು ಬಂದಿತೋ ಗಡಿ ಬದಲಾಯಿತೋ ಎಂದು ಕೇಳಬೇಕಾಗುತ್ತದೆ. ಯಾವ ವರ್ಷದ ಗಡಿಯ ಪ್ರಕಾರ ಎಣಿಸುತ್ತಿದ್ದೇವೆ ಎಂಬುದನ್ನು ಎಣಿಸುವ ಮೊದಲು ನಾವೇ ತೀರ್ಮಾನಿಸಿ ಬರೆದಿಡಬೇಕು.

ನೆನಪಿಡಬೇಕಾದದ್ದು

ಒಂದು, ಹೆಸರನ್ನು ಶುದ್ಧ ಮಾಡುವ ಕೆಲಸ ಒಂದೇ ಕಡೆ, ಮ್ಯಾಪಿಗೆ ಹಾಕುವ ಮೊದಲು ನಡೆಯಲಿ: ಮೊದಲ ಗುರುತು ತೆಗೆಯುವುದು, ಖಾಲಿ ಜಾಗ ಕತ್ತರಿಸುವುದು, ಎನ್‌ಎಫ್‌ಸಿ ರೂಪಕ್ಕೆ ತರುವುದು, ಒಪ್ಪಿದ ಹೆಸರಿಗೆ ಬದಲಿಸುವುದು.

ಎರಡು, ಎಣಿಸಲು ಗೆಟ್ ಆರ್ ಡಿಫಾಲ್ಟ್ ಅಥವಾ ಮರ್ಜ್ ಬಳಸಿ.

ಮೂರು, ಕೊನೆಗೆ ಎರಡು ಪರೀಕ್ಷೆ ಮಾಡಿ. ಎಣಿಕೆಗಳ ಮೊತ್ತ, ಬೇರೆ ಇಟ್ಟ 'ಗುರುತು ಸಿಗದವು' ಸೇರಿ, ಸಾಲುಗಳ ಸಂಖ್ಯೆಗೆ ಸಮವೇ? ಕೀಗಳ ಸಂಖ್ಯೆ ನಿಮಗೆ ಗೊತ್ತಿರುವ ಹೆಸರುಗಳಿಗಿಂತ ಹೆಚ್ಚಿದೆಯೇ? ನಮ್ಮ ಉದಾಹರಣೆಯಲ್ಲಿ ಮೊದಲ ಪರೀಕ್ಷೆಗೆ ಸಿಗದ ತಪ್ಪು ಎರಡನೆಯದಕ್ಕೆ ಸಿಕ್ಕಿತು.

ಜಾವಾ ಬರೆಯದವರಿಗೂ ಎರಡನೆಯ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಯಾವುದೇ ಅಂಕಿಅಂಶದ ಪಟ್ಟಿ ಕೈಗೆ ಬಂದಾಗ ಮೊದಲು ಒಟ್ಟು ಮೊತ್ತ ನೋಡುವ ರೂಢಿ ನಮಗಿದೆ. ಅದರ ಜೊತೆಗೆ ಒಂದೇ ಹೆಸರು ಎರಡು ಸಾಲಿನಲ್ಲಿ ಕೂತಿದೆಯೇ ಎಂದೂ ನೋಡಿ. ಕೂತಿದ್ದರೆ, ಆ ಎರಡೂ ಸಾಲುಗಳನ್ನು ಕೂಡಿಸಿ ನೋಡುವವರೆಗೆ ಯಾರು ಮೊದಲು, ಯಾರು ಕೊನೆ ಎಂಬ ಮಾತನ್ನು ನಂಬಬೇಡಿ.